ಪೆಟ್ಟಿಗೆ ಸಣ್ಣದಾದರೆ ಹಾವೂ ಸಣ್ಣದಾಗಿಯೇ ಉಳಿಯುತ್ತದೆಯೇ? ಸತ್ಯ ಏನು?

ಹೇಳಿಕೆ: ಹಾವು ಸುರುಳಿ ಸುತ್ತಿ ಮಲಗುವ ಪ್ರಾಣಿ, ಅದಕ್ಕೆ ಸಣ್ಣ ಡಬ್ಬಿ ಸಾಕು. ಸಣ್ಣ ಡಬ್ಬಿಯಲ್ಲಿಟ್ಟರೆ ಅದು ಹೆಚ್ಚು ಬೆಳೆಯುವುದೂ ಇಲ್ಲ.

ವಾಸ್ತವ: ಎರಡೂ ಮಾತು ತಪ್ಪು.

ಹಾವು ಎಷ್ಟು ಬೆಳೆಯುತ್ತದೆ ಎಂಬುದು ಅದರ ಜಾತಿ, ತಿನ್ನುವ ಆಹಾರ ಮತ್ತು ಸಿಗುವ ಶಾಖದ ಮೇಲೆ ನಿಂತಿದೆ. ಇಕ್ಕಟ್ಟಿನ ಡಬ್ಬಿಯಲ್ಲಿ ಬಡಕಲಾಗಿ ಉಳಿದಿದೆ ಎಂದರೆ ಅದು ಆರೋಗ್ಯವಾಗಿಲ್ಲ ಎಂದರ್ಥ. ಡಬ್ಬಿಗೆ ಹೊಂದಿಕೊಂಡಿದೆ ಎಂದಲ್ಲ.

ಹಾಗಾದರೆ ಅಳತೆ ಹೇಗೆ? ಸುರುಳಿಯನ್ನು ನೋಡಿ ಅಳೆಯಬಾರದು, ನೆಟ್ಟಗೆ ಚಾಚಿದ ಮೈಯನ್ನು ಲೆಕ್ಕಕ್ಕೆ ಹಿಡಿಯಬೇಕು. ಪೆಟ್ಟಿಗೆಯ ಉದ್ದ ಕನಿಷ್ಠ ಹಾವಿನ ಉದ್ದದಷ್ಟಿರಬೇಕು, ಅದೂ ಪೂರ್ತಿ ಬೆಳೆದ ಮೇಲಿನ ಉದ್ದ. ನಗರಗಳಲ್ಲಿ ಕೆಲವರು ಸಾಕುವ ಆಫ್ರಿಕಾ ಮೂಲದ ಬಾಲ್ ಪೈಥಾನ್ 3ರಿಂದ 5 ಅಡಿ ಬೆಳೆಯುತ್ತದೆ. ಅದಕ್ಕೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. 5 ಅಡಿಯ ಹಾವಿಗೆ ಇದೂ ಬಿಗಿಯೇ ಎನ್ನುವುದು ನಮ್ಮ ಅಭಿಪ್ರಾಯ.

ಇಲ್ಲಿ ಇನ್ನೊಂದು ಹಳೆಯ ಫಾರ್ವರ್ಡ್ ನೆನಪಾಗುತ್ತದೆ. ಸಾಕಿದ ಹೆಬ್ಬಾವು ಊಟ ಬಿಟ್ಟು ಒಡತಿಯ ಪಕ್ಕದಲ್ಲಿ ನೆಟ್ಟಗೆ ಮಲಗುತ್ತಿತ್ತಂತೆ, ಅವಳನ್ನು ನುಂಗಲು ಅಳತೆ ನೋಡುತ್ತಿತ್ತಂತೆ. ಇದು ಕಟ್ಟುಕಥೆ. ಹಾವು ಬೇಟೆಯನ್ನು ಮೊದಲೇ ಅಳೆದು ನೋಡುವುದಿಲ್ಲ. ಮೈ ಚಾಚುವುದು ಅದರ ಸಹಜ ನಡವಳಿಕೆ, ಅದಕ್ಕೇ ಜಾಗ ಬೇಕು ಎನ್ನುವುದು.

ಜಾಗ ಬೇಕಾಗಲು ಶಾಖವೂ ಕಾರಣ. ಹಾವು ನಮ್ಮಂತೆ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಬೆಚ್ಚಗಿನ ಕಡೆ ಹೋಗಿ ಕಾಯಿಸಿಕೊಳ್ಳುತ್ತದೆ, ಸಾಕಾದಾಗ ತಂಪಿಗೆ ಸರಿಯುತ್ತದೆ. ಬಾಲ್ ಪೈಥಾನ್ ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ, ಇನ್ನೊಂದು ತುದಿ 26 ಡಿಗ್ರಿ ಇರಬೇಕು. ಒಂದೂವರೆ ಅಡಿ ಡಬ್ಬಿಯಲ್ಲಿ ಈ ವ್ಯತ್ಯಾಸ ಉಳಿಯುವುದು ಕಷ್ಟ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಬಾಗಲಕೋಟೆ ಸೀಮೆಯಲ್ಲಿ, ಪತ್ರಾಸಿನ ಮನೆಯೊಳಗೆ ಮುಚ್ಚಿದ ಗಾಜಿನ ಡಬ್ಬಿ ಇಟ್ಟರೆ ಹಾವು ಬೆಂದೇ ಹೋಗುತ್ತದೆ.

"ದೊಡ್ಡ ಪೆಟ್ಟಿಗೆಯಲ್ಲಿ ಮರಿ ಹಾವು ಹೆದರಿ ಊಟ ಬಿಡುತ್ತದೆ" ಎನ್ನುವುದು ಅರ್ಧ ಸತ್ಯ. ಅದು ಹೆದರುವುದು ಅಡಗಲು ಮರೆ ಇಲ್ಲದಿದ್ದಾಗ. ಬೆಚ್ಚಗಿನ ತುದಿಗೊಂದು, ತಂಪು ತುದಿಗೊಂದು ಮರೆ ಇಟ್ಟರೆ ಆ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಆದರೆ ಇದೆಲ್ಲ ವಿದೇಶಿ ಹಾವಿನ ಮಾತು. ಬಾಲ್ ಪೈಥಾನ್ ಸಾಕುವವರು ಕೂಡ 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅದನ್ನು ನೋಂದಾಯಿಸಲೇಬೇಕು. ನಮ್ಮ ನಾಗರ, ಕೇರೆ, ಹೆಬ್ಬಾವುಗಳನ್ನು ಎಷ್ಟೇ ದೊಡ್ಡ ಪೆಟ್ಟಿಗೆ ಮಾಡಿಸಿದರೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಹೆಬ್ಬಾವು ಮೊದಲ ಅನುಸೂಚಿಯಲ್ಲಿದೆ, ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಹಾವಾಡಿಗರ ಬುಟ್ಟಿಗೂ ಕಾನೂನಿನಲ್ಲಿ ವಿನಾಯಿತಿ ಇಲ್ಲ. "ಎರಡು ತಲೆ ಹಾವು ಕೋಟಿ ಬೆಲೆಬಾಳುತ್ತದೆ" ಎಂಬ ಸಂದೇಶ ನಂಬಿ ಮಣ್ಣುಮುಕ್ಕ ಹಾವನ್ನು ಗಡಿಗೆಯಲ್ಲಿ ಬಚ್ಚಿಡುವವರಿಗೂ ಇದೇ ಮಾತು. ಅದಕ್ಕೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೆ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಂಥ ಊರುಗಳಲ್ಲಿ ಪ್ರಶ್ನೆ ಬೇರೆಯೇ ರೂಪದಲ್ಲಿ ಬರುತ್ತದೆ. ರೈತರೇ ದುಡ್ಡು ಹಾಕಿ, ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡ ಊರದು. ನೀರು ಬಂದಲ್ಲಿ ಕಬ್ಬು, ಕಬ್ಬಿದ್ದಲ್ಲಿ ಇಲಿ, ಇಲಿಯ ಹಿಂದೆ ಹಾವು. ಹೊಳೆ ಉಕ್ಕಿದಾಗ ಅವು ಮನೆ, ದನದ ಕೊಟ್ಟಿಗೆ ಸೇರುತ್ತವೆ. ಅಂಥ ಹಾವನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಬಿಸಿಲಲ್ಲಿಟ್ಟು ವಿಡಿಯೊ ಮಾಡುವುದು ಹಾವಿಗೂ ನಿಮಗೂ ಅಪಾಯ. ತರಬೇತಿ ಪಡೆದವರು ಹಿಡಿದು ಚೀಲಕ್ಕೆ ಹಾಕುವುದು ಬಿಡುವ ಜಾಗ ಮುಟ್ಟುವವರೆಗೆ ಮಾತ್ರ.

ನೀವು ಮಾಡಬೇಕಾದ್ದು ಇಷ್ಟು: ಮಕ್ಕಳನ್ನೂ ದನಗಳನ್ನೂ ದೂರ ಸರಿಸಿ, ಹಾವು ಎಲ್ಲಿ ಹೋಗುತ್ತದೆಂದು ದೂರದಿಂದಲೇ ಕಣ್ಣಿಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಚ್ಚಿದ್ದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. 108ಕ್ಕೆ ಕರೆ ಮಾಡಿ, ಕಚ್ಚಿದ ಕೈಕಾಲು ಅಲುಗಾಡಿಸದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.