ಹಿಟ್ಟನ್ನು ಉಬ್ಬಿಸುವ ಜೀವಿ, ಅನ್ನವನ್ನು ಕೆಡಿಸುವ ಜೀವಿ

ಕತಾರ್‌ನ ದೋಹಾ ನಗರದ ನೈರುತ್ಯ ದಿಕ್ಕಿನಲ್ಲಿರುವ ವಸತಿ ಪ್ರದೇಶ ಐನ್ ಖಾಲಿದ್. ಜುಲೈ ತಿಂಗಳಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಏಸಿಯ ತಂಪು ತಲುಪದ ಅಡುಗೆಮನೆಯಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು ಕೆಲವೇ ಗಂಟೆಗಳಲ್ಲಿ ಉಬ್ಬಿ ಬರುತ್ತದೆ. ಅದೇ ಸೆಕೆಯಲ್ಲಿ ಹೊರಗೆ ಮರೆತುಬಿಟ್ಟ ಅನ್ನವು ಹೊಟ್ಟೆಯನ್ನು ಕೆಡಿಸಬಲ್ಲದು. ಎರಡೂ ಸೂಕ್ಷ್ಮಜೀವಿಗಳ ಕೆಲಸವೇ. ಆದ್ದರಿಂದ ಮಕ್ಕಳು ಈ ಜೀವಿಗಳ ಹೆಸರನ್ನಷ್ಟೇ ಅಲ್ಲ, ಅವು ಬೆಳೆಯುವ ಸ್ಥಳ, ಉಷ್ಣಾಂಶ ಮತ್ತು ಅವಧಿಗಳನ್ನೂ ಅರಿಯಬೇಕು.

ಕಾಣದ ಲೋಕ

ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಮೊದಲಾದವು ಸೂಕ್ಷ್ಮಜೀವಿಗಳು. ವೈರಸ್‌ಗಳನ್ನೂ ಸಾಮಾನ್ಯವಾಗಿ ಇವುಗಳೊಡನೆಯೇ ಅಧ್ಯಯನ ಮಾಡುತ್ತಾರೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತಾನೇ ತಯಾರಿಸಿದ ಮಸೂರದ ಮೂಲಕ 1670ರ ದಶಕದಲ್ಲಿ ನೀರಿನ ಹನಿಯಲ್ಲಿಯೂ, 1683ರಲ್ಲಿ ತನ್ನ ಹಲ್ಲಿನ ಕೊಳೆಯಲ್ಲಿಯೂ ಇಂತಹ ಜೀವಿಗಳನ್ನು ಕಂಡನು. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಹಾಗಾದರೆ ಒಂದು ಬ್ಯಾಕ್ಟೀರಿಯಾ ಒಂದು ಗಂಟೆಗೆ 8, ನಾಲ್ಕು ಗಂಟೆಗೆ 4096 ಆಗುತ್ತದೆ.

ಉಪಕಾರಿಗಳು

ಉದ್ದಿನಬೇಳೆ ಮತ್ತು ಅಕ್ಕಿಯೊಡನೆ ಸಹಜವಾಗಿಯೇ ಬರುವ ಲ್ಯೂಕೋನೋಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿರುವ ಸಕ್ಕರೆಯನ್ನು ಬಳಸಿ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಡುವುದರಿಂದ ಹಿಟ್ಟು ಉಬ್ಬುತ್ತದೆ, ಇಡ್ಲಿ ಮೆತ್ತಗಾಗುತ್ತದೆ. ಹುಳಿಯು ಅನೇಕ ಹಾನಿಕರ ಜೀವಿಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹಿಟ್ಟು ಬೇಗ ಹುದುಗದಿರಲು ಈ ಜೀವಿಗಳು ತಂಪಿನಲ್ಲಿ ನಿಧಾನವಾಗುವುದೇ ಕಾರಣ.

ಮೊಸರೂ ಹೀಗೆಯೇ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ, ಹಾಲು ಗಟ್ಟಿಯಾಗುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಅವು ಸಾಯುತ್ತವೆ.

ಅಪಕಾರಿಗಳು

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಗಟ್ಟಿ ಕವಚವುಳ್ಳ ಇವು ಅನ್ನ ಬೆಂದರೂ ಉಳಿಯಬಲ್ಲವು. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ಬೆಳೆದು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರುವ ಈ ವಿಷವು ಅನ್ನವನ್ನು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ವಾಸನೆ, ರುಚಿ ಬದಲಾಗದೆಯೂ ಇರಬಹುದು. ಹಾಗಾಗಿ ಕಾರಿನಲ್ಲಿಯೇ ಉಳಿದ ಚಿತ್ರಾನ್ನದ ಡಬ್ಬಿಯನ್ನು ಮೂಸಿ ನೋಡಿ, ಬಿಸಿಮಾಡಿ ತಿನ್ನುವುದು ಸುರಕ್ಷಿತವಲ್ಲ.

ಮಕ್ಕಳು ಮಾಡಬಹುದಾದದ್ದು

5ರಿಂದ 60 ಡಿಗ್ರಿಗಳ ನಡುವೆ ಹಾನಿಕರ ಬ್ಯಾಕ್ಟೀರಿಯಾಗಳು ಸುಲಭವಾಗಿ ಬೆಳೆಯುತ್ತವೆ. ಉಳಿದ ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ಹರಡಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಬೇಕು. 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದು ಗಂಟೆಯೊಳಗೆ. ಊಟಕ್ಕೆ ಮೊದಲು, ಶೌಚದ ನಂತರ ಸೋಪಿನಿಂದ 20 ಸೆಕೆಂಡು ಕೈ ತೊಳೆಯಬೇಕು.

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಬೂಷ್ಟೊಂದರಿಂದಲೇ ಪೆನಿಸಿಲಿನ್ ಕಂಡುಹಿಡಿದರು. ಇಂತಹ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತವೆಯೇ ಹೊರತು ನೆಗಡಿಯ ವೈರಸ್‌ಗಳ ಮೇಲಲ್ಲ. ಅನಗತ್ಯವಾಗಿ ಸೇವಿಸಿದರೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ವೈದ್ಯರು ಹೇಳದೆ ಅವನ್ನು ನುಂಗಬಾರದು.

ಮನೆಯ ಎಲ್ಲ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಹಿಟ್ಟಿಗೆ ಬೆಚ್ಚನೆಯ ಮೂಲೆ, ಅನ್ನಕ್ಕೆ ಫ್ರಿಜ್: ಇಷ್ಟು ವಿವೇಕವನ್ನು ಮಗುವೂ ಕಲಿಯಬಲ್ಲದು.