ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ

ಅಂಗಿಯ ಜೇಬಿಗೋ ಹೆಗಲ ಚೀಲದ ಮೂಲೆಗೋ ಹೊಂದುವಷ್ಟು ಚಿಕ್ಕದಾದ, ಲೆನ್ಸನ್ನು ಕಳಚಿ ಬದಲಿಸಲು ಬಾರದ, ದೂರ ಮತ್ತು ಬೆಳಕಿನ ಲೆಕ್ಕವನ್ನು ತಾನೇ ಹಾಕಿಕೊಂಡು ಚಿತ್ರ ತೆಗೆಯುವ ಕ್ಯಾಮೆರಾ. ಇದರಲ್ಲಿ ರೀಲಿನ ಜಾಗದಲ್ಲಿ ಸಿಲಿಕಾನ್ ಸೆನ್ಸರ್ ಇರುತ್ತದೆ. ಚಿತ್ರ ಮೆಮೊರಿ ಕಾರ್ಡಿಗೆ ಹೋಗಿ ಕೂರುತ್ತದೆ. ಮೊಬೈಲ್ ಫೋನಿನ ಕ್ಯಾಮೆರಾ ಎಲ್ಲರ ಕೈಗೆ ಬರುವ ಮುಂಚಿನ ಒಂದು ದಶಕದಲ್ಲಿ ಮದುವೆ, ಜಾತ್ರೆ, ಶಾಲಾ ಪ್ರವಾಸಗಳಲ್ಲಿ ಮನೆಯವರೇ ತೆಗೆದ ಡಿಜಿಟಲ್ ಚಿತ್ರಗಳು ಬಹುಮಟ್ಟಿಗೆ ಇದರಿಂದಲೇ ಬಂದವು. ಆಂಧ್ರದ ಗಡಿಯ ಕನ್ನಡ ಸೀಮೆಯಾದ ಮಡಕಶಿರಾ, ರಾಯದುರ್ಗಗಳಲ್ಲಿ ಇದಕ್ಕೆ ಇನ್ನೂ ಒಂದು ಕೆಲಸ ಉಳಿದಿದೆ: ಬಯಲಿನಲ್ಲಿ ಬಿದ್ದಿರುವ ಶಾಸನ, ವೀರಗಲ್ಲು, ಕೋಟೆಗೋಡೆಗಳನ್ನು ದಾಖಲಿಸುವುದು.

ಇತಿಹಾಸ ದೀರ್ಘವಾದದ್ದೇನಲ್ಲ. 1975ರ ಡಿಸೆಂಬರಿನಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ತಯಾರಿಸಿದ ಮೊದಲ ಮಾದರಿ ಸುಮಾರು 3.6 ಕಿಲೋ ತೂಗುತ್ತಿತ್ತು. ಕೇವಲ 10,000 ಚುಕ್ಕೆಗಳ ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು ಅದು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1995ರಲ್ಲಿ ಬಂದ ಕ್ಯಾಸಿಯೊ ಕ್ಯೂವಿ-10 ಬೆನ್ನ ಮೇಲೆ ಪುಟ್ಟ ಪರದೆಯನ್ನು ಹೊತ್ತು ತಂದಿತು. ತೆಗೆದ ಚಿತ್ರವನ್ನು ಅಲ್ಲೇ ನೋಡಬಹುದು, ಸರಿಯಿಲ್ಲದಿದ್ದರೆ ಅಳಿಸಿ ಮತ್ತೆ ತೆಗೆಯಬಹುದು ಎಂಬ ಅನುಕೂಲ ಜನಪ್ರಿಯವಾದದ್ದು ಅದರಿಂದ. 36 ಚಿತ್ರಗಳ ರೀಲನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದ ಕುಟುಂಬಗಳಿಗೆ ಇದು ದೊಡ್ಡ ಬಿಡುಗಡೆ. 2000ದಲ್ಲಿ ಕ್ಯಾನನ್ ಡಿಜಿಟಲ್ ಇಕ್ಸಸ್ ಬಂದ ಮೇಲೆ ಕ್ಯಾಮೆರಾ ನಿಜವಾಗಿಯೂ ಜೇಬಿಗಿಳಿಯಿತು. 2010ರಲ್ಲಿ ಜಪಾನಿನ ತಯಾರಕರ ಒಕ್ಕೂಟದ ಲೆಕ್ಕದಂತೆ ಈ ಬಗೆಯ 10 ಕೋಟಿಗೂ ಹೆಚ್ಚು ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. 2023ರಲ್ಲಿ ಆ ಸಂಖ್ಯೆ 20 ಲಕ್ಷಕ್ಕೂ ಕೆಳಗಿತ್ತು. ಕೊಡಾಕ್ 2012ರಲ್ಲಿ, ಕ್ಯಾಸಿಯೊ 2018ರಲ್ಲಿ ಈ ವ್ಯಾಪಾರದಿಂದ ಹಿಂದೆ ಸರಿದವು.

ಈ ಕ್ಯಾಮೆರಾದ ಶಕ್ತಿ, ಮಿತಿ ಎರಡಕ್ಕೂ ಸೆನ್ಸರಿನ ಗಾತ್ರವೇ ಮೂಲ. ಸಾಮಾನ್ಯ ಮಾದರಿಗಳಲ್ಲಿ ಅದು ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ; ಹಳೆಯ 35 ಎಂಎಂ ರೀಲಿನ ಒಂದು ಚೌಕಟ್ಟಿನ ಮೂವತ್ತರಲ್ಲಿ ಒಂದು ಪಾಲು. ಚಿಕ್ಕ ಸೆನ್ಸರಿಗೆ ಚಿಕ್ಕ ಲೆನ್ಸ್ ಸಾಕು, ಆದ್ದರಿಂದ ಇಡೀ ಯಂತ್ರವೇ ಚಿಕ್ಕದು. ಹತ್ತಿರದ ಕಲ್ಲು, ಹಿಂದಿನ ಗುಡಿ ಎರಡೂ ಒಟ್ಟಿಗೆ ಸ್ಪಷ್ಟವಾಗಿ ಮೂಡುವುದೂ ಇದರಿಂದಲೇ. ಆದರೆ ಬೆಳಕು ಕಡಿಮೆಯಾದೊಡನೆ ಚಿತ್ರದಲ್ಲಿ ಕಾಳುಕಾಳಾದ ಕಲೆಗಳು ಏಳುತ್ತವೆ. ಬಿಸಿಲು ನೆರಳು ಒಂದೇ ಚೌಕಟ್ಟಿನಲ್ಲಿ ಸೇರಿದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಮಾರಾಟಗಾರರು ಹೆಚ್ಚಾಗಿ ಹೊಗಳುತ್ತಿದ್ದುದು ಮೆಗಾಪಿಕ್ಸೆಲ್ ಸಂಖ್ಯೆಯನ್ನು. ಸೆನ್ಸರ್ ಅಷ್ಟೇ ಇದ್ದು ಚುಕ್ಕೆಗಳ ಎಣಿಕೆ ಮಾತ್ರ ಏರಿದರೆ ಕಡತ ದೊಡ್ಡದಾಗುತ್ತದೆಯೇ ಹೊರತು ಚಿತ್ರ ಅಷ್ಟೇನೂ ಸುಧಾರಿಸುವುದಿಲ್ಲ. ಡಿಜಿಟಲ್ ಜೂಮ್ ಕೂಡ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಉಪಾಯ; ಅದನ್ನು ಮುಚ್ಚಿಟ್ಟು ಎರಡು ಹೆಜ್ಜೆ ಮುಂದೆ ನಡೆಯುವುದೇ ಮೇಲು.

ರೊಳ್ಳ ಮಂಡಲದ ರತ್ನಗಿರಿ ಬೆಟ್ಟದ ಕೋಟೆ ಈ ಮಿತಿಯನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಮಟಮಟ ಮಧ್ಯಾಹ್ನ ಕೋಟೆಗೋಡೆ ಮತ್ತು ಆಕಾಶ ಎರಡನ್ನೂ ಸೇರಿಸಿ ತೆಗೆದರೆ ಗೋಡೆಯ ಕಲ್ಲುಗಳು ಕಪ್ಪಾಗಿ ಮುಚ್ಚಿಹೋಗುತ್ತವೆ. ಗೋಡೆ ಮುಖ್ಯವಾದರೆ ಕ್ಯಾಮೆರಾವನ್ನು ಗೋಡೆಯ ಕಡೆಗೆ ತಿರುಗಿಸಿ, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಬಳಿಕ ಚೌಕಟ್ಟನ್ನು ಸರಿಹೊಂದಿಸಿ ಪೂರ್ತಿ ಒತ್ತಬೇಕು. ಅರ್ಧ ಒತ್ತಿದಾಗ ದೂರ ಮತ್ತು ಬೆಳಕಿನ ಅಳತೆ ನಿಂತುಬಿಡುತ್ತದೆ. ಇಡೀ ಉಪಕರಣದಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಇದೇ, ಬಹಳ ಮಂದಿ ಕಲಿಯದೆ ಬಿಟ್ಟದ್ದೂ ಇದೇ.

ಮಡಕಶಿರಾ ಸೀಮೆ ನೊಳಂಬ ಅರಸರ ನೆಲ. ಅಮರಾಪುರ ಮಂಡಲದ ಹೇಮಾವತಿ ಅವರ ರಾಜಧಾನಿ ಹೆಂಜೇರು. ಅಲ್ಲಿಯ ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳು ನುಣುಪಾದ ಕಪ್ಪು ಕಲ್ಲಿನ ಕೆತ್ತನೆಗೆ ಹೆಸರಾದವು. ಅಲ್ಲಿಂದ ಹೋದ ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಈ ಭಾಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಕನ್ನಡ ಶಾಸನಗಳು 1939ರಲ್ಲಿ ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾದವು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದಾಗ ರಾಯದುರ್ಗ ಆಂಧ್ರಕ್ಕೆ ಹೋಯಿತು; 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆಡಳಿತ ಹೀಗೆ ಕೈ ಬದಲಾದಾಗಲೆಲ್ಲ ಹೊಲದ ಬದುವಿನ ಶಾಸನ ಯಾರ ಹೊಣೆಯೂ ಅಲ್ಲದಂತಾಗುವ ಅಪಾಯವಿದೆ. ಊರಿನವರ ಕೈಯಲ್ಲಿರುವ ಒಂದು ಚಿಕ್ಕ ಕ್ಯಾಮೆರಾ ಇಲ್ಲಿ ಬೆಲೆಬಾಳುವುದು ಆ ಕಾರಣಕ್ಕೆ.

ಶಾಸನತಜ್ಞರ ಸಾಂಪ್ರದಾಯಿಕ ವಿಧಾನ ಪಡಿಯಚ್ಚು: ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಗುಂಡಿಗಳಿಗೆ ಕೂರಿಸಿ, ಮೇಲೆ ಮಸಿ ಹಚ್ಚುವುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ 3ಡಿ ಸ್ಕ್ಯಾನಿಂಗ್ ಮೂಲಕ ಶಾಸನಗಳನ್ನು ಉಳಿಸುವ ಕೆಲಸ ಕೈಗೊಂಡಿದೆ. ಚಿಕ್ಕ ಕ್ಯಾಮೆರಾ ಇವೆರಡಕ್ಕೂ ಸಾಟಿಯಲ್ಲ, ಆದರೆ ಕಲ್ಲಿನ ಮುಂದೆ ಮೊದಲು ನಿಲ್ಲುವವರ ಬಳಿ ಇರುವುದು ಅದೇ. ಶಾಸನಕ್ಕೆ ಬೇಕಾದದ್ದು ಎದುರಿನ ಬೆಳಕಲ್ಲ, ಓರೆ ಬೆಳಕು. ಬೆಳಗಿನ ಅಥವಾ ಸಂಜೆಯ ಸೂರ್ಯ ಕಲ್ಲಿನ ಮೈಯನ್ನು ಸವರುವಂತೆ ಬಿದ್ದಾಗ ಸವೆದ ಅಕ್ಷರದ ಅಂಚಿಗೂ ನೆರಳು ಹುಟ್ಟುತ್ತದೆ. ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಆ ನೆರಳನ್ನು ಅಳಿಸಿಬಿಡುತ್ತದೆ. ಹೇಮಾವತಿಯಂಥ ಹೊಳಪಿನ ಕಲ್ಲಿನ ಮೇಲಂತೂ ನಡುವೆ ಒಂದು ಬಿಳಿ ಮಚ್ಚೆ ಮಾತ್ರ ಉಳಿಯುತ್ತದೆ. ಆದ್ದರಿಂದ ಫ್ಲಾಶ್ ಆರಿಸಿಡಬೇಕು. ಉತ್ತರಕ್ಕೆ ಮುಖಮಾಡಿ ನಿಂತು ಬಿಸಿಲೇ ತಾಗದ ಕಲ್ಲಾದರೆ ಒಬ್ಬರು ಪಕ್ಕದಿಂದ ಕನ್ನಡಿ ಹಿಡಿದು ಬೆಳಕು ತಿರುಗಿಸಬಹುದು. ಒಳಗುಡಿಯಲ್ಲಿ ಕ್ಯಾಮೆರಾವನ್ನು ಗಟ್ಟಿಯಾದ ಆಸರೆಯ ಮೇಲಿಟ್ಟು, ಐಎಸ್‌ಒ ಎಂಬ ಬೆಳಕಿನ ಸಂವೇದನೆಯ ಅಂಕವನ್ನು ಕೆಳಗಿಳಿಸಿ, 2 ಸೆಕೆಂಡಿನ ಟೈಮರ್ ಹಾಕಿದರೆ ಕೈನಡುಕ ತಟ್ಟುವುದಿಲ್ಲ. ಬಿಡಿ ಅಕ್ಷರಗಳಿಗೆ ಹೂವಿನ ಗುರುತಿನ ಮ್ಯಾಕ್ರೊ ವ್ಯವಸ್ಥೆ ಇದೆ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಮೊದಲು ಪೂರ್ತಿ ಕಲ್ಲು, ಆಮೇಲೆ ಸಾಲುಸಾಲಾಗಿ ಒಂದರ ಮೇಲೊಂದು ತುಸು ಹಾಯುವಂತೆ ತೆಗೆಯಬೇಕು. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚುವ ರೂಢಿ ಕಲ್ಲಿಗೆ ಕೇಡು; ಹಚ್ಚುವವರು ಊಹಿಸಿದ ಅಕ್ಷರವೇ ಚಿತ್ರದಲ್ಲಿ ನಿಜವಾಗಿ ನಿಲ್ಲುತ್ತದೆ.

ಚಿತ್ರದೊಡನೆ ದಿನಾಂಕ, ಹೊತ್ತು, ಶಟರ್ ವೇಗದಂಥ ವಿವರಗಳನ್ನು ಕ್ಯಾಮೆರಾ ತಾನೇ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎಂಬ ಪದ್ಧತಿ 1995ರಲ್ಲಿ ರೂಪುಗೊಂಡಿತು. ಬ್ಯಾಟರಿಯನ್ನು ಬಹುಕಾಲ ತೆಗೆದಿಟ್ಟರೆ ಒಳಗಿನ ಗಡಿಯಾರ ಮೊದಲ ದಿನಕ್ಕೆ ಮರಳುತ್ತದೆ, ಆಮೇಲೆ ತೆಗೆದ ಎಲ್ಲ ಚಿತ್ರಗಳೂ ಸುಳ್ಳು ತಾರೀಖು ಹೊರುತ್ತವೆ. ಹೊರಡುವ ಮೊದಲು ಗಡಿಯಾರ ನೋಡುವುದು ಬ್ಯಾಟರಿ ನೋಡುವಷ್ಟೇ ಅಗತ್ಯ. ಊರು, ಹೊಲದ ಗುರುತು, ಕಲ್ಲಿನ ದಿಕ್ಕು ಇವನ್ನು ಯಂತ್ರ ಬರೆಯುವುದಿಲ್ಲ. ಅವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆ ಪುಟದ ಚಿತ್ರವನ್ನೂ ಸಾಲಿನಲ್ಲಿ ಸೇರಿಸಿಬಿಡಬೇಕು. ಯಾವ ಊರಿನದೆಂದು ತಿಳಿಯದ ಶಾಸನದ ಚಿತ್ರ ಸಂಶೋಧಕರಿಗೆ ಅರ್ಧ ನಷ್ಟವಾದಂತೆ.

ಅನಂತಪುರ ಸೀಮೆಯಲ್ಲಿ ವರ್ಷದ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು, ಧೂಳೇ ಹೆಚ್ಚು. ರಾಯದುರ್ಗದ ಕಡೆ ಬೊಮ್ಮನಹಾಳ್, ಕಣೇಕಲ್ ಸುತ್ತ ವೇದಾವತಿ ಅಥವಾ ಹಗರಿಯ ಮರಳು ಗಾಳಿಗೆದ್ದು ದಿಬ್ಬಗಳಾಗಿವೆ. ಒಳಗೆ ಹೊರಗೆ ಸರಿಯುವ ಲೆನ್ಸ್ ಕೊಳವೆಯ ಸಂದಿಗೆ ಒಂದೆರಡು ಮರಳುಕಣ ಸೇರಿದರೂ ಅದು ಅರ್ಧದಲ್ಲೇ ನಿಂತು, ಪರದೆಯ ಮೇಲೆ ಲೆನ್ಸ್ ದೋಷದ ಸೂಚನೆ ಬರುತ್ತದೆ. ಗಾಳಿಯಲ್ಲಿ ಲೆನ್ಸ್ ಚಾಚಿಟ್ಟುಕೊಂಡು ನಡೆಯಬಾರದು. ಜಿಪ್ ಇರುವ ಪ್ಲಾಸ್ಟಿಕ್ ಚೀಲ ದುಬಾರಿ ಕವರಿಗಿಂತ ಚೆನ್ನಾಗಿ ಕಾಯುತ್ತದೆ. ಪೆನ್ಸಿಲ್ ಸೆಲ್ ಹಾಕುವ ಮಾದರಿಗಳಿಗೆ ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುವುದು ಅನುಕೂಲವೇ. ಆದರೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಕೆಲವೇ ಚಿತ್ರಗಳಿಗೆ ಸೋಲುತ್ತದೆ; ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲುಗಳು ತಕ್ಕವು.

ಹಳೆಯ ಕ್ಯಾಮೆರಾಗಳನ್ನು ಈಗ ಯುವಜನರು ಮತ್ತೆ ಹುಡುಕಿ ಕೊಳ್ಳುತ್ತಿದ್ದಾರೆ. ಕೊಳ್ಳುವಾಗ ಕಾರ್ಡಿನ ಜಾಗವನ್ನು ಮೊದಲು ನೋಡಬೇಕು. ಒಲಿಂಪಸ್, ಫ್ಯೂಜಿಯ ಅನೇಕ ಮಾದರಿಗಳು ಎಕ್ಸ್‌ಡಿ ಕಾರ್ಡನ್ನೂ ಸೋನಿಯವು ಮೆಮೊರಿ ಸ್ಟಿಕ್ಕನ್ನೂ ಬಯಸುತ್ತವೆ. ಎಕ್ಸ್‌ಡಿಯ ತಯಾರಿಕೆ ನಿಂತುಹೋಗಿದೆ. ಎಸ್‌ಡಿ ಕಾರ್ಡಿನವೂ 2006ಕ್ಕೆ ಮುಂಚಿನವಾದರೆ ಸಾಮಾನ್ಯವಾಗಿ 2 ಜಿಬಿ ಮೀರಿದ ಕಾರ್ಡನ್ನು ಓದುವುದಿಲ್ಲ. ಅಟ್ಟದಲ್ಲಿ ಸಿಕ್ಕ ಹಳೆಯ ಕಾರ್ಡುಗಳನ್ನು ಮತ್ತೆ ಬಳಸುವ ಮುನ್ನ ಪಕ್ಕದಲ್ಲಿ ಬೀಗವಿದ್ದರೆ ಅದನ್ನು ಹಾಕಿ, ಒಳಗಿನದನ್ನೆಲ್ಲ ಎರಡು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ಅಳಿಸಿದಂತೆ ಕಾಣುವ ಚಿತ್ರಗಳೂ ಹೊಸ ಚಿತ್ರ ಮೇಲೆ ಬೀಳುವವರೆಗೆ ಬಹುಮಟ್ಟಿಗೆ ಅಲ್ಲೇ ಇರುತ್ತವೆ. ಮರಳಿ ಪಡೆಯುವ ತಂತ್ರಾಂಶಗಳು ಸುಲಭವಾಗಿ ದೊರೆಯುತ್ತವೆ.