ಬೆಳೆಯೋ, ಬೆಲೆಯೋ?

1996ರ ನವೆಂಬರಿನಲ್ಲಿ ಇಸ್ರೇಲಿನ ಮಿರಾಬಿಲಿಸ್ ಎಂಬ ಪುಟ್ಟ ಸಂಸ್ಥೆಯು ಐಸಿಕ್ಯೂ ತಂತ್ರಾಂಶವನ್ನು ಹೊರತಂದಾಗ ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರದೊಡನೆ ಹೆಣಗುತ್ತಿದ್ದೆ. ಅದರ ಸುದ್ದಿ ನಮ್ಮ ಹಾಸ್ಟೆಲನ್ನು ತಲುಪಲು ಮೂರು ವರ್ಷ ಹಿಡಿಯಿತು. ಸೈಬರ್ ಕೆಫೆಯಲ್ಲಿ ಗಂಟೆಗೆ 30 ರೂಪಾಯಿ ತೆತ್ತು ಕುಳಿತರೆ ಸಂಪರ್ಕ ಸಿಗುವಷ್ಟರಲ್ಲಿಯೇ ಕಾಲು ಗಂಟೆ ಕಳೆದಿರುತ್ತಿತ್ತು. ಐಸಿಕ್ಯೂ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನು ನೀಡುತ್ತಿತ್ತು. ಪರೀಕ್ಷೆಯ ರಿಜಿಸ್ಟರ್ ನಂಬರಿನಂತೆ ನಾವು ಅದನ್ನು ಬಾಯಿಪಾಠ ಮಾಡಿದ್ದೆವು.

ಆದರೂ ನನ್ನ ಓರಗೆಯವರಿಗೆ ಮೆಸೆಂಜರ್ ಎಂದರೆ ಯಾಹೂ. 1998ರ ಮಾರ್ಚಿನಲ್ಲಿ ಯಾಹೂ ಪೇಜರ್ ಎಂಬ ಹೆಸರಿನಲ್ಲಿ ಹುಟ್ಟಿದ ಅದು ಮರುವರ್ಷ ಯಾಹೂ ಮೆಸೆಂಜರ್ ಆಯಿತು. 1999ರ ಜುಲೈನಲ್ಲಿ ಎಂಎಸ್‌ಎನ್ ಮೆಸೆಂಜರ್ ಬಂದಿತು. ಒಂದರಲ್ಲಿದ್ದವರು ಮತ್ತೊಂದರಲ್ಲಿದ್ದವರೊಡನೆ ಮಾತನಾಡುವಂತಿರಲಿಲ್ಲ. ಎಒಎಲ್ ಬಳಕೆದಾರರನ್ನು ತಲುಪಲು ಮೈಕ್ರೋಸಾಫ್ಟ್ ದಾರಿ ತೆರೆದಾಗಲೆಲ್ಲ ಎಒಎಲ್ ಅದನ್ನು ಮುಚ್ಚುತ್ತಿತ್ತು. ಹೊಲದ ಬದುವಿನ ಜಗಳವನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಯಾಹೂ ಮತ್ತು ಎಂಎಸ್‌ಎನ್ ನಡುವೆ ಬಾಗಿಲು ತೆರೆದದ್ದು 2006ರಲ್ಲಿ. 2003ರಲ್ಲಿ ಇಂಗ್ಲೆಂಡಿಗೆ ಬಂದ ನಾನು ಆಸ್ಪತ್ರೆಯ ಗೆಳೆಯರಿಗಾಗಿ ಒಂದು, ಮನೆಯವರಿಗಾಗಿ ಇನ್ನೊಂದು ಎಂದು ಎರಡನ್ನೂ ತೆರೆದಿಟ್ಟುಕೊಳ್ಳುತ್ತಿದ್ದೆ.

ಮನೆಯೆಂದರೆ ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಪ್ರತಿ ಭಾನುವಾರ ನನ್ನ ತಮ್ಮನೊಡನೆ ತಾಲ್ಲೂಕು ಕೇಂದ್ರದ ಕೆಫೆಗೆ ಬರುತ್ತಿದ್ದರು. ಅಲ್ಲಿ ಬೆಳಗಿನ ಹನ್ನೊಂದಾದರೆ ಚಳಿಗಾಲದ ಇಂಗ್ಲೆಂಡಿನಲ್ಲಿ ಐದೂವರೆ. ರಾತ್ರಿ ಪಾಳಿ ಮುಗಿಯದಿದ್ದರೂ ಹೇಗೋ ಹತ್ತು ನಿಮಿಷ ಹೊಂದಿಸಿಕೊಳ್ಳುತ್ತಿದ್ದೆ. ಅಪ್ಪ ಒಂದೇ ಬೆರಳಿನಿಂದ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಒತ್ತುತ್ತಿದ್ದರು.

ಬೇರೆ ಮಾರ್ಗವಿರಲಿಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿತ್ತು ನಿಜ. ಬರಹ, ನುಡಿ ತಂತ್ರಾಂಶಗಳೂ ಬಂದಿದ್ದವು. ಆದರೆ ಆ ಕೆಫೆಯ ವಿಂಡೋಸ್ 98 ಗಣಕಗಳಿಗೆ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲು ಬರುತ್ತಿರಲಿಲ್ಲ; ಬರಹ, ನುಡಿಗಳಲ್ಲಿ ಟೈಪಿಸಿದ್ದನ್ನು ಓದಬೇಕಾದರೆ ಅದೇ ಅಕ್ಷರವಿನ್ಯಾಸ ಎರಡೂ ಕಡೆ ಇರಬೇಕಿತ್ತು. ಹೀಗಾಗಿ ನಮ್ಮ ‘ಳ’ಕಾರವೂ ‘ಣ’ಕಾರವೂ ಕೆಫೆಯ ಬಾಗಿಲಲ್ಲೇ ಉಳಿದವು. ಹಳ್ಳಿಯೂ ಹಲ್ಲಿಯೂ ಒಂದೇ ಆದವು.

ಅದು ಕರ್ನಾಟಕಕ್ಕೆ ಸತತ ಮೂರನೆಯ ಬರದ ವರ್ಷ. ಡಿಸೆಂಬರಿನ ಒಂದು ಭಾನುವಾರ ಅಪ್ಪನಿಂದ ಚಿಕ್ಕದೊಂದು ವಾಕ್ಯ ಬಂದಿತು. ‘ಈ ಸಲ’ ಮತ್ತು ‘ಇಲ್ಲ’ ಎಂಬ ಮಾತುಗಳ ನಡುವೆ ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರಗಳು. ನಾನು ‘ಬೆಲೆ’ ಎಂದು ಓದಿದೆ. ದರ ಏರುವವರೆಗೆ ಮೆಕ್ಕೆಜೋಳ ಮಾರಬೇಡಿ, ಮನೆಯಲ್ಲಿಯೇ ಇಟ್ಟುಕೊಳ್ಳಿ ಎಂದು ಉಪದೇಶ ಮಾಡಿದೆ. ಸ್ವಲ್ಪ ತಡೆದು ಅಪ್ಪ ‘ಹೂಂ’ ಎಂದಷ್ಟೇ ಬರೆದರು. ಇಟ್ಟುಕೊಳ್ಳಲು ಮನೆಯಲ್ಲಿ ಒಂದು ಚೀಲವೂ ಇರಲಿಲ್ಲವೆಂದೂ ಎತ್ತುಗಳನ್ನು ಮಾರಿದ್ದರೆಂದೂ ನನಗೆ ತಿಳಿದದ್ದು ಆರು ತಿಂಗಳ ಮೇಲೆ ಊರಿಗೆ ಹೋದಾಗ. ಹೇಳಬಾರದಿತ್ತೇ ಎಂದು ಕೇಳಿದೆ. “ಹೇಳಿದ್ನೆಲ್ಲೊ” ಎಂದರು.

ಆ ಸಂಭಾಷಣೆ ಈಗ ಎಲ್ಲಿಯೂ ಇಲ್ಲ. ಆಗಿನ ಯಾಹೂ ಮಾತುಕತೆಗಳು ನಮ್ಮ ಗಣಕದಲ್ಲಿಯೇ ಉಳಿಯುತ್ತಿದ್ದವು, ಅದೂ ನಾವು ಹಾಗೆ ಹೊಂದಿಸಿದ್ದರೆ ಮಾತ್ರ. ನಾನು ಹೊಂದಿಸಿರಲಿಲ್ಲ. 2018ರ ಜುಲೈ 17ರಂದು ಯಾಹೂ ಮೆಸೆಂಜರೇ ನಿಂತುಹೋಯಿತು. 2024ರ ಜೂನಿನಲ್ಲಿ ಐಸಿಕ್ಯೂ ಕೂಡ.

ಯಾಹೂವಿನಲ್ಲಿಯೇ ಹಿಂದೆ ದುಡಿದಿದ್ದ ಜಾನ್ ಕೌಮ್ ಮತ್ತು ಬ್ರಿಯಾನ್ ಆಕ್ಟನ್ 2009ರಲ್ಲಿ ಆರಂಭಿಸಿದ ವಾಟ್ಸಾಪ್ ಮುಂದೆ ನಮ್ಮ ಮನೆಗೂ ಬಂದಿತು. ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಂಡದ್ದು, ಮುಂಜಾನೆಯ ಶುಭೋದಯದ ಹೂವುಗಳು, ಇವೆಲ್ಲ ಓದುಗರಿಗೆ ತಿಳಿದ ವಿಷಯವೇ. ಅಪ್ಪನಿಗೆ ಬೇಕಾದದ್ದು 2013ರಲ್ಲಿ ಅದಕ್ಕೆ ಸೇರಿದ ಧ್ವನಿಸಂದೇಶವೊಂದೇ. ಬೆರಳಿನ ಕೆಲಸ ಅಲ್ಲಿಗೆ ಮುಗಿಯಿತು.

ಅವರು ತೀರಿಕೊಂಡು ಐದು ವರ್ಷಗಳಾದವು. ಫೋನು ಬದಲಿಸಿದಾಗಲೆಲ್ಲ ಮೊದಲು ಆ ಸಂದೇಶಗಳನ್ನು ಬೇರೆಡೆ ಪ್ರತಿಮಾಡಿಕೊಳ್ಳುತ್ತೇನೆ. ಅವುಗಳಲ್ಲೊಂದು ಹನ್ನೊಂದು ಸೆಕೆಂಡಿನದು. ಹಿನ್ನೆಲೆಯಲ್ಲಿ ಟ್ರ್ಯಾಕ್ಟರಿನ ಸದ್ದು. ‘ಳ’ಕಾರವನ್ನು ಬೇಕೆಂದೇ ಒತ್ತಿ, ನಡುವೆ ನಕ್ಕು, ಅಪ್ಪ ಹೇಳುತ್ತಾರೆ: “ಈ ಸಲ ಬೆಳಿ ಚಲೋ ಬಂದೈತಿ ನೋಡಪಾ. ಬೆಲಿ ಇಲ್ಲ.”